ಗೋಡೆಯ ಮೇಲೆ ನೆಟ್ಟಗೆ ನಿಂತವನು

ಅವನಿಗೆ ಮಾರುತಿ ಎಂದು ಹೆಸರಿಟ್ಟದ್ದು ಕಾಲು ಹೋಗುವುದಕ್ಕೆ ಮೊದಲು. ಹುಮನಾಬಾದ್ ಹತ್ತಿರದ ಹುಡಗಿ ಎಂಬ ಊರಿನಲ್ಲಿ, ಹನುಮಪ್ಪನಿಗೆ ಹರಕೆ ಹೊತ್ತು ಪಡೆದ ಎರಡನೆಯ ಮಗನೆಂದು ತಾಯಿ ಗಯಾಬಾಯಿ ಆ ಹೆಸರು ಇಟ್ಟಿದ್ದಳು. ಮಗು ಗೋಡೆ ಹಿಡಿದು ನಡೆಯಲು ಕಲಿತ ವರ್ಷವೇ ಜ್ವರ ಬಂತು. ಜ್ವರ ಇಳಿದಾಗ ಕಾಲಿನ ಕಸುವನ್ನೂ ಜೊತೆಗೆ ಇಳಿಸಿಕೊಂಡು ಹೋಗಿತ್ತು. ಹೆಸರು ಬದಲಿಸಿಬಿಡು, ಊರಿನವರು ಕೂಗಿದಾಗಲೆಲ್ಲ ನಗೆಪಾಟಲಾಗುತ್ತದೆ ಎಂದು ಮನೆಯ ಹಿರಿಯರು ಹೇಳಿದರಂತೆ. ಗಯಾಬಾಯಿ ಕೇಳಲಿಲ್ಲ. ದೇವರಿಗೆ ಕೊಟ್ಟ ಮಾತು ಕಾಲಿನ ಮೇಲೆ ನಿಂತಿಲ್ಲ ಎಂದುಬಿಟ್ಟಳಂತೆ.

ಕೂಲಿಗೆ ಹೋಗುವಾಗ ಅವಳು ಮಗನನ್ನು ಸೊಂಟದ ಮೇಲೆ ಹೊತ್ತಳು. ಶಾಲೆಗೆ ಬೆನ್ನ ಮೇಲೆ ಹೊತ್ತಳು. ತುಟಿಯ ಮೇಲೆ ಮೀಸೆ ಕಪ್ಪಾಗುವ ಹೊತ್ತಿಗೆ ಅವನಿಗೇ ನಾಚಿಕೆಯಾಗಿ ಒಂದು ದಿನ ಬೆನ್ನಿನಿಂದ ಇಳಿದ. ಅಂಗೈಗಳಿಗೆ ಹಳೆಯ ಟೈರಿನ ತುಂಡು ಕಟ್ಟಿಕೊಂಡು, ಕೈಯೂರಿ ಮೈಯೆತ್ತಿ ಮುಂದಕ್ಕೆ ಇಟ್ಟುಕೊಳ್ಳುತ್ತ ಸಾಗುವುದನ್ನು ಕಲಿತ. ಕಾಲು ಎರಡು ವರ್ಷದ ಕೂಸಿನ ಕಾಲಾಗಿಯೇ ಉಳಿದವು. ತೋಳು ಮಾತ್ರ ಬೇವಿನ ಕೊಂಬೆಯ ಹಾಗೆ ಬಲಿತವು. ಎದೆ ಅಗಲವಾಯಿತು. ದಿನವೂ ಸಂಜೆ ಗಯಾಬಾಯಿ ಆ ಕಾಲುಗಳಿಗೆ ಕುಸುಬೆ ಎಣ್ಣೆ ತಿಕ್ಕುತ್ತಿದ್ದಳು. ಗುಣವಾಗುತ್ತದೆಂಬ ಆಸೆ ಅವಳಿಗೆ ಎಂದೋ ಹೋಗಿತ್ತು. ತಿಕ್ಕುವುದು ಮಾತ್ರ ಬಿಡಲಿಲ್ಲ.

ಅವನನ್ನು ಕಸಬಿಗೆ ಹಚ್ಚಿದವಳೂ ಅವಳೇ. ಹುಮನಾಬಾದಿನಲ್ಲಿ ಸಿರಾಜುದ್ದೀನ್ ಎಂಬ ಉಸ್ತಾದ ಸ್ಟೋವು, ಕುಕ್ಕರು ರಿಪೇರಿ ಮಾಡುತ್ತಿದ್ದ. ನೆಲದ ಮೇಲೆ ಕುಳಿತು ಮಾಡುವ ಕೆಲಸ, ಕೈ ಗಟ್ಟಿ ಇದ್ದರೆ ಸಾಕು ಎಂದು ಉಸ್ತಾದ ಹುಡುಗನನ್ನು ಇಟ್ಟುಕೊಂಡ. ಮಾರುತಿ ಬೇಗ ಕಲಿತ. ಕೆಲವು ವರ್ಷಗಳಲ್ಲಿ ಉಸ್ತಾದನ ಕಣ್ಣು ಮಂಜಾಗಿ ಅಂಗಡಿಯೇ ಇವನ ಕೈಗೆ ಬಂತು. ಅಷ್ಟರಲ್ಲಿ ಗಯಾಬಾಯಿ ತೀರಿಕೊಂಡಳು. ಅಂದಿನಿಂದ ಅವನ ಕಾಲುಗಳನ್ನು ಇನ್ನೊಬ್ಬರು ಮುಟ್ಟಲಿಲ್ಲ.

ಅಣ್ಣ ಅನೀಲಕುಮಾರ ಕೆಟ್ಟವನಲ್ಲ. ತಾಯಿ ಸಾಯುವಾಗ ತಮ್ಮನ ಮದುವೆ ಮಾಡುತ್ತೇನೆಂದು ಮಾತು ಕೊಟ್ಟಿದ್ದ. ಒಂದು ದಿನ ಮಾರುತಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಎದೆಯವರೆಗಿನ ಫೋಟೊ ತೆಗೆಸಿದ. ಫೋಟೊದಲ್ಲಿ ಮಾರುತಿ ಕುಸ್ತಿಪಟುವಿನ ಹಾಗೆ ಕಾಣುತ್ತಿದ್ದ. ಅದು ಮನ್ನಾಏಖೇಳ್ಳಿಯ ಒಂದು ಮನೆಗೆ ಹೋಯಿತು. ಹುಡುಗಿಯ ಹೆಸರು ಮನೀಷಾ. ಹುಡುಗನಿಗೆ ಕಾಲು ತುಸು ಕುಂಟು, ಅಷ್ಟೇ ಎಂದು ಅಣ್ಣ ಹೇಳಿದ್ದ. ನೋಡಲು ಹೋದ ದಿನ ಜೀಪಿನಿಂದ ಅವನನ್ನು ಎತ್ತಿ ತಂದು ಪಡಸಾಲೆಯ ಕುರ್ಚಿಯ ಮೇಲೆ ಕೂರಿಸಿ, ಆ ಮನೆಯ ಹಿರಿಯರು ಹೊಲದಿಂದ ಬರುವ ಮೊದಲೇ ಮಡಿಲ ಮೇಲೆ ಶಾಲು ಹೊದಿಸಿದ. ಶಾಲು ನೆಲ ಮುಟ್ಟುತ್ತಿತ್ತು. ಮಾರುತಿಯೂ ಸುಮ್ಮನಿದ್ದ. ಅವನಿಗೂ ಆಸೆ ಇತ್ತು.

ಮನೀಷಾ ಚಹಾದ ತಟ್ಟೆ ಹಿಡಿದು ಬಂದಳು. ಹಸಿರು ಸೀರೆ, ಹಣೆಯಲ್ಲಿ ಬೆವರು. ಅವನ ಮುಖ ನೋಡಿ ಸಣ್ಣಗೆ ನಕ್ಕಳು. ಆ ನಗೆ ನೋಡಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಶಾಲು ತೆಗೆದು ಪಕ್ಕಕ್ಕಿಟ್ಟ. ಅವಳು ಒಂದು ಕ್ಷಣ ಕೆಳಗೆ ನೋಡಿದಳು. ಮರುಕ್ಷಣ ಗೋಡೆಯ ಕಡೆ ನೋಡುತ್ತ ತಟ್ಟೆಯನ್ನು ಮೆಲ್ಲಗೆ ಇಟ್ಟು ಒಳಗೆ ಹೋದಳು. ಯಾರೂ ಜಗಳ ಮಾಡಲಿಲ್ಲ. ಅವಳ ತಂದೆ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದ. ತಿರುಗಿ ಬರುವಾಗ ಜೀಪಿನಲ್ಲಿ ಅಣ್ಣ ಆಡಿದ್ದು ಒಂದೇ ಮಾತು.

"ಜರಾ ಸುಮ್ಮ ಕುಂತಿದ್ರ ನಿನ್ನ ಮನಿ ಆಗತಿತ್ತು."

ಅದೇ ವರ್ಷ ಮಾರುತಿ ಹುಮನಾಬಾದ್ ಬಿಟ್ಟು ಬಸವಕಲ್ಯಾಣಕ್ಕೆ ಬಂದ. ಅಲ್ಲಿ ಅವನನ್ನು ಬಲ್ಲವರು ಇರಲಿಲ್ಲ. ಬಲ್ಲವರಿಲ್ಲದ ಊರೇ ಬೇಕಾಗಿತ್ತು. ಕೋಟೆಯ ಕಡೆ ಹೋಗುವ ರಸ್ತೆಯಲ್ಲಿ, ಮೆಟ್ಟಿಲಿಲ್ಲದ ಒಂದು ಕೋಣೆ ಬಾಡಿಗೆ ಹಿಡಿದ. ಅದರ ಮುಂದೆ ತಗಡಿನ ನೆರಳು ಮಾಡಿಕೊಂಡು ಕುಳಿತ. ಸ್ಟೋವು ಹೋಗಿ ಗ್ಯಾಸು ಬಂತು, ಅದರ ಬರ್ನರು ತೆರೆದು ತೊಳೆಯುವುದನ್ನು ಕಲಿತ. ಮಿಕ್ಸರು ಬಂತು, ಅದನ್ನೂ ಕಲಿತ. ಅವನು ಕೈಯಿಂದ ತಿರುಗಿಸಿ ಓಡಿಸುತ್ತಿದ್ದ ಮೂರು ಗಾಲಿಯ ಗಾಡಿ ಹೋಗಿ, ಹಿಂದೆ ಎರಡು ಗಾಲಿ ಜೋಡಿಸಿದ ಸ್ಕೂಟರು ಬಂತು. ಕೂದಲು ನೆರೆಯಿತು.

ಗಿರಾಕಿಗೆ ಕೊರತೆ ಇರಲಿಲ್ಲ. ಆದರೆ ಬಂದವರು ಕುಕ್ಕರಿನ ಜೊತೆ ಮಾತಾಡಿದಷ್ಟು ಅವನ ಜೊತೆ ಆಡುತ್ತಿರಲಿಲ್ಲ. ಸೀಟಿ ಹೊಡೆಯುವುದಿಲ್ಲ, ಕೆಳಗೆ ಸೋರುತ್ತದೆ, ಸಂಜೆಗೆ ಬೇಕು, ಇಷ್ಟೇ. ಹೇಳುವಾಗ ಅವರ ಕಣ್ಣು ಅವನ ಕೈ ಮೇಲೆ ಇರುತ್ತಿತ್ತು, ಇಲ್ಲವೆ ರಸ್ತೆಯ ಮೇಲೆ. ಯಾವುದಾದರೂ ಕೂಸು ಅವನ ಕಾಲುಗಳನ್ನೇ ನೋಡುತ್ತ ನಿಂತರೆ ತಾಯಿ ರಟ್ಟೆ ಹಿಡಿದು ಎಳೆದುಕೊಂಡು, ಹಾಗೆ ನೋಡಬಾರದು ಎಂದು ಗದರುತ್ತಿದ್ದಳು. ಒಳ್ಳೆಯ ಮಂದಿ, ಒಳ್ಳೆಯ ನಡತೆ. ಆ ಒಳ್ಳೆಯ ನಡತೆಯಿಂದಾಗಿ ಅವನನ್ನು ಪೂರ್ತಿಯಾಗಿ ನೋಡಿದವರು ಊರಲ್ಲಿ ಒಬ್ಬರೂ ಇರಲಿಲ್ಲ. ಕೆಲವು ಸಂಜೆ ಕದ ಹಾಕಿಕೊಂಡು ಅನ್ನಕ್ಕೆ ಇಟ್ಟ ಮೇಲೆ, ಇವತ್ತು ಬೆಳಗಿನಿಂದ ತಾನು ಆಡಿದ್ದು ಬರೀ ವಾಲ್ವು ಗ್ಯಾಸ್ಕೆಟ್ಟಿನ ಮಾತು ಎಂದು ಅವನಿಗೆ ಹೊಳೆಯುತ್ತಿತ್ತು.

ಸ್ನೇಹಿತನೆಂದರೆ ನರಸಿಂಗ ಒಬ್ಬ. ಹತ್ತಿರದ ಗೋದಾಮಿನಲ್ಲಿ ಹಮಾಲಿ ಮಾಡುವವನು, ಎತ್ತಿನಂಥ ಕುತ್ತಿಗೆ. ಅಂಗಡಿಗೂ ರಸ್ತೆಗೂ ನಡುವೆ ಒಂದು ಚರಂಡಿ ಇತ್ತು. ಬೆಳಿಗ್ಗೆ ಮಾರುತಿ ಸಾಮಾನು ತರಲು ಹೊರಡುವಾಗ ನರಸಿಂಗ ಬಂದು ಸ್ಕೂಟರನ್ನು ಅವನ ಸಮೇತ ದಾಟಿಸಿ ಹೋಗುತ್ತಿದ್ದ. ಇಂತಿಂಥ ದಿನ ಬರುವುದಿಲ್ಲ ಎಂದವನಲ್ಲ. ಹೆಚ್ಚು ಮಾತಿಲ್ಲದ ಗೆಳೆತನ.

ಆ ಗೋದಾಮು ಅಬ್ದುಲ್ ಕರೀಂ ಸಾಹೇಬರದು. ತೊಗರಿ, ಕಡಲೆ, ಉಳ್ಳಾಗಡ್ಡಿ ವ್ಯಾಪಾರ. ಅದರ ಉದ್ದನೆಯ ಗೋಡೆ ರಸ್ತೆಗೆ ಮುಖ ಮಾಡಿದೆ. ಊರಿನ ಫ್ಲೆಕ್ಸು, ಪೋಸ್ಟರು, ಹುಟ್ಟುಹಬ್ಬದ ಶುಭಾಶಯ ಎಲ್ಲ ಅದರ ಮೇಲೆಯೇ. ಹರಿದು ಜೋಲುವ ಕಾಗದ ನೋಡಿ ನೋಡಿ ಸಾಹೇಬರಿಗೆ ಬೇಸರ ಬಂದಿತ್ತು. ಹೋದ ವರ್ಷ ದೀಪಾವಳಿಯ ನಂತರ ಉಜ್ವಲಾ ಎಂಬಾಕೆ ಬಂದು ಆ ಗೋಡೆ ತನಗೆ ಕೊಡುತ್ತೀರಾ ಎಂದು ಕೇಳಿದಳು. ಊರಿನವಳೇ. ಕಲಬುರಗಿಯಲ್ಲಿ ಚಿತ್ರಕಲೆ ಓದಿ ಬಂದು ಒಂದು ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದಳು. ಸಾಹೇಬರು ಒಂದೇ ಷರತ್ತು ಹಾಕಿದರು. ದೇವರು ಬೇಡ, ಲೀಡರ್ ಬೇಡ, ಸಿನಿಮಾದವರು ಬೇಡ. ಹಾಗಾದರೆ ಯಾರನ್ನು ಬರೆಯಲಿ ಎಂದು ಅವಳು ಕೇಳಿದ್ದಕ್ಕೆ, ಈ ರಸ್ತೆಯ ಮಂದಿ ಸತ್ತಿದ್ದಾರೇನು ಎಂದರಂತೆ.

ಹಾಗೆ ಅವಳು ಕಾಗದದ ಹಲಗೆ ಹಿಡಿದು ರಸ್ತೆಯಲ್ಲಿ ಕೂರತೊಡಗಿದಳು. ಬಳೆ ಮಾರುವ ಮುನ್ನಿ ಬೀ, ಹಮಾಲರು, ಇಸ್ತ್ರಿಯವನು, ಸೊಪ್ಪಿನವಳು, ಎಲ್ಲರೂ ಒಬ್ಬೊಬ್ಬರಾಗಿ ಅವಳ ಮುಂದೆ ಕುಳಿತರು. ಬರೆದದ್ದನ್ನು ಅವಳು ತೋರಿಸುತ್ತಿರಲಿಲ್ಲ. ಗೋಡೆಯ ಮೇಲೆ ನೋಡುವಿರಂತೆ ಎನ್ನುತ್ತಿದ್ದಳು. ಮಾರುತಿಯ ಮುಂದೆ ಮಾತ್ರ ಬಹಳ ದಿನ ಕುಳಿತಳು. ಶಾಲೆ ಬಿಟ್ಟ ಮೇಲೆ ಬಂದು, ತಗಡಿನ ನೆರಳಲ್ಲಿ ಒಂದು ಡಬ್ಬಿ ಬೋರಲು ಹಾಕಿ ಕೂರುವಳು. ಅವನು ಕೆಲಸ ಮಾಡುತ್ತಿದ್ದ, ಅವಳು ಅವನ ಕೈಗಳನ್ನು ಬರೆಯುತ್ತಿದ್ದಳು.

ಮೊದಮೊದಲು ಅವನಿಗೆ ಮೈಯೆಲ್ಲ ಮುಳ್ಳಾಗುತ್ತಿತ್ತು. ಯಾರಾದರೂ ಇಷ್ಟು ಹೊತ್ತು ತನ್ನನ್ನು ನೋಡುತ್ತ ಕೂತು ಎಷ್ಟು ಕಾಲವಾಗಿತ್ತು. ಆಮೇಲೆ ಅಭ್ಯಾಸವಾಯಿತು. ಆಮೇಲೆ ಅವಳು ಬರುವ ಹೊತ್ತಿಗೆ ಅವನ ಕಿವಿ ರಸ್ತೆಯ ಕಡೆಗೇ ಇರತೊಡಗಿತು. ಅವಳು ಕಾಕಾ ಎನ್ನುತ್ತಿದ್ದಳು. ಏನೇನೋ ಕೇಳುತ್ತಿದ್ದಳು. ಅವನು ಗಯಾಬಾಯಿಯ ಬೆನ್ನಿನ ಕತೆ ಹೇಳಿದ, ಉಸ್ತಾದನ ಬೈಗುಳ ಹೇಳಿದ, ಯಾರಿಗೂ ಹೇಳಿರದ ಮನ್ನಾಏಖೇಳ್ಳಿಯ ಶಾಲಿನ ಸಂಗತಿಯನ್ನೂ ಹೇಳಿಬಿಟ್ಟ. ಒಂದು ಮಧ್ಯಾಹ್ನ ಅವಳು ಸಂಕೋಚಪಡುತ್ತ, ಕಾಲುಗಳನ್ನೂ ಬರೆಯಲೇ ಎಂದು ಕೇಳಿದಳು. ಮಾರುತಿ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಆಮೇಲೆ ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿದ. ಅವಳು ಗೋಡೆಯ ಕಡೆ ನೋಡಲಿಲ್ಲ, ರಸ್ತೆಯ ಕಡೆ ನೋಡಲಿಲ್ಲ. ಪೆನ್ಸಿಲು ಕಾಗದದ ಮೇಲೆ ಸರಸರ ಓಡುವ ಸಪ್ಪಳ ಕೇಳುತ್ತ ಅವನು ಬಿಸಿಲಿನಲ್ಲಿ ಕಾಲು ಚಾಚಿಕೊಂಡು ಕುಳಿತಿದ್ದ.

ಚಳಿಗಾಲ ಕಳೆಯುವವರೆಗೆ ಗೋಡೆಯ ಮುಂದೆ ಬೊಂಬು ಕಟ್ಟಿ, ತಾಡಪತ್ರಿಯ ಪರದೆ ಇಳಿಬಿಟ್ಟು ಅವಳು ಒಳಗೆ ಬಣ್ಣ ಹಚ್ಚಿದಳು. ಮಳೆಗೆ ಜಗ್ಗದಂಥ ಎಣ್ಣೆ ಬಣ್ಣ. ಒಂದು ಭಾನುವಾರ ಬೆಳಿಗ್ಗೆ ಹಮಾಲರು ತಾಡಪತ್ರಿ ಬಿಚ್ಚಿದರು.

ರಸ್ತೆಯ ಮಂದಿ ನೋಡಿ ದಂಗಾದರು. ಗೋಡೆಯ ತುಂಬ ಅವರೇ. ಆದರೆ ಯಾರೂ ಅಳತೆಯಲ್ಲಿ ಇರಲಿಲ್ಲ. ಮುನ್ನಿ ಬೀಯ ತಲೆ ನಿಂಬೆಹಣ್ಣಿನಷ್ಟು, ಬಳೆ ಹಿಡಿದ ಬೆರಳುಗಳು ಮೂಲಂಗಿಯಷ್ಟು ಉದ್ದ. ಅಬ್ದುಲ್ ಕರೀಂ ಸಾಹೇಬರ ಮೈಯೆಲ್ಲ ಒಂದು ಕಿವಿ, ಮೊರದಂಥ ಕಿವಿ, ಅದಕ್ಕೆ ಅಂಟಿಕೊಂಡ ಮೊಬೈಲು. ನರಸಿಂಗನ ಕುತ್ತಿಗೆ ಹೆಗಲಿಗಿಂತ ಅಗಲ, ಅದರ ಮೇಲೆ ಚೀಲ, ಕೆಳಗೆ ಕಡ್ಡಿಯಂಥ ಸೊಂಟ. ಇಸ್ತ್ರಿಯವನ ಒಂದು ತೋಳು ಮೂರು ಮಂದಿಯನ್ನು ದಾಟಿ ಹೋಗಿತ್ತು. ಆದರೂ ಯಾರು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ದೂರದಿಂದಲೇ ಗುರುತು ಸಿಗುತ್ತಿತ್ತು.

ಮೊದಲ ದಿನ ಸಿಟ್ಟು. ತನ್ನ ಬೆರಳು ಹಿಂಗಿವೆಯೇನು ಎಂದು ಮುನ್ನಿ ಬೀ ಎಲ್ಲರ ಮುಂದೆ ಕೈ ಚಾಚಿ ತೋರಿಸಿದಳು. ಎರಡನೆಯ ದಿನ ಸಾಹೇಬರ ಕಿವಿ ನೋಡಿ ಅವಳಿಗೇ ನಗೆ ಬಂತು. ವಾರ ಕಳೆಯುವುದರೊಳಗೆ ಒಬ್ಬರ ಸೊಟ್ಟಕ್ಕೆ ಇನ್ನೊಬ್ಬರು ನಗುವುದು, ತಮ್ಮದಕ್ಕೆ ತಾವೇ ನಗುವುದು ನಡೆಯಿತು. ಸಾಹೇಬರು ಗೋಡೆಯ ಮುಂದೆ ನಿಂತು ತಮ್ಮ ಕಿವಿಯ ಫೋಟೊ ತೆಗೆಸಿಕೊಂಡು ಸ್ಟೇಟಸ್ಸಿಗೆ ಹಾಕಿದರು. ಸಂಜೆ ಚಹಾದ ಹೊತ್ತಿಗೆ ಮಂದಿ ಆ ಗೋಡೆಯ ಬುಡದಲ್ಲೇ ಸೇರತೊಡಗಿದರು.

ಮಾರುತಿ ಮೊದಲ ದಿನವೇ ಸ್ಕೂಟರ್ ಹೊಡೆದುಕೊಂಡು ಹೋಗಿದ್ದ. ಗೋಡೆಯನ್ನು ಒಂದು ತುದಿಯಿಂದ ನೋಡುತ್ತ ಬಂದ. ನಗುತ್ತಲೇ ಬಂದ. ಇನ್ನೊಂದು ತುದಿಯಲ್ಲಿ, ಗೋದಾಮಿನ ಬಾಗಿಲ ಪಕ್ಕದಲ್ಲಿ, ಒಬ್ಬ ಮನುಷ್ಯ ನಿಂತಿದ್ದ. ನೀಲಿ ಅಂಗಿ, ಕಪ್ಪು ಪ್ಯಾಂಟು, ಕೈಯಲ್ಲಿ ಸ್ಪ್ಯಾನರು. ಮುಖ ಮಾರುತಿಯದೇ, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತೋಳು ಸರಿಯಾದ ಅಳತೆಯ ತೋಳು. ಕೆಳಗೆ ಎರಡು ಉದ್ದನೆಯ ನೆಟ್ಟಗಿನ ಕಾಲು, ಬೂಟು. ಅಷ್ಟು ದೊಡ್ಡ ಗೋಡೆಯಲ್ಲಿ ಅಳತೆ ತಪ್ಪದ ಮನುಷ್ಯ ಅವನೊಬ್ಬನೇ.

ಅವನು ಸ್ಕೂಟರ್ ಬಂದ್ ಮಾಡದೆ ಹಾಗೆಯೇ ಕುಳಿತಿದ್ದ. ಜನ ಬಂದು ಅವನ ಬೆನ್ನು ತಟ್ಟಿದರು. ನಮ್ಮನ್ನೆಲ್ಲ ಕೆಡಿಸಿದ್ದಾಳೆ, ನಿನ್ನೊಬ್ಬನನ್ನು ಚಂದ ಮಾಡಿದ್ದಾಳೆ, ಪುಣ್ಯ ಕಟ್ಟಿಕೊಂಡಳು ಎಂದರು. ಸೊಪ್ಪಿನವಳ ಕಣ್ಣಲ್ಲಿ ನೀರೇ ಬಂತು. ಮಾರುತಿ ಹೌದು ಹೌದು ಎಂದು ತಲೆಯಾಡಿಸಿ ಗಾಡಿ ತಿರುಗಿಸಿಕೊಂಡು ಬಂದ. ಕೋಣೆಗೆ ಬಂದು ಕೈಯಲ್ಲಿದ್ದ ಕೆಲಸ ಹಿಡಿದರೆ ಕೈ ಓಡಲಿಲ್ಲ. ಒಳ್ಳೆಯದನ್ನೇ ಮಾಡಿದವರ ಮೇಲೆ ಏನೆಂದು ದೂರುವುದು?

ಅಲ್ಲಿಂದ ಮುಂದೆ ಅವನು ಆ ಕಡೆ ಹೋಗುವುದನ್ನು ಬಿಟ್ಟ. ಸಾಮಾನು ತರಲು ಹೋಗುವಾಗ ಸುತ್ತು ಹಾಕಿ ಹಿಂದಿನ ಗಲ್ಲಿಯಿಂದ ಹೋಗುತ್ತಿದ್ದ. ಸಂಜೆ ಗೋಡೆಯ ಬುಡದ ನಗೆ ಅವನ ತಗಡಿನವರೆಗೂ ಕೇಳುತ್ತಿತ್ತು. ಯಾರ ಮೂಗು, ಯಾರ ಹೊಟ್ಟೆ ಎಂದು ಮಂದಿ ಕೂಗಾಡಿಕೊಳ್ಳುತ್ತಿದ್ದರು. ಅದರಲ್ಲಿ ಅವನ ಹೆಸರು ಬರುತ್ತಿರಲಿಲ್ಲ. ಬಂದರೂ ನಗೆಯೊಂದಿಗೆ ಬರುತ್ತಿರಲಿಲ್ಲ.

ಕೆಲ ದಿನ ಕಾದು ಉಜ್ವಲಾ ತಾನೇ ಬಂದಳು. ಡಬ್ಬಿ ಬೋರಲು ಹಾಕಿ ಕುಳಿತು, ಕಾಕಾನಿಗೆ ಚಿತ್ರ ಸೇರಲಿಲ್ಲವೇನು ಎಂದು ಕೇಳಿದಳು. ಮಾರುತಿ ಬರ್ನರಿನ ಕೊನೆಯ ತೂತನ್ನು ತಂತಿಯಿಂದ ಚುಚ್ಚಿ ಮುಗಿಸಿದ. ಆಮೇಲೆ ತಲೆಯೆತ್ತಿದ.

"ಮುನ್ನಿ ಬೀನ ಬೆರಳ ಹಾಂಗ ಅವ ಏನವ್ವಾ?"

"ಇಲ್ಲ ಕಾಕಾ."

"ಸಾಹೇಬರ ಕಿವಿ ಹಾಂಗ ಅದ ಏನು?"

"ಇಲ್ಲ."

"ಎಲ್ಲಾರ್ನೂ ನಿನ್ನ ಕಣ್ಣಿಗಿ ಹ್ಯಾಂಗ ಕಂಡ್ರು ಹಾಂಗ ತೆಗದಿ. ನನಗೊಬ್ಬಗ ಯಾಕ ದಯಾ ಮಾಡಿದಿ?"

ಉಜ್ವಲಾಳ ಮುಖ ಸಣ್ಣದಾಯಿತು. ಅವಳು ಮುಚ್ಚಿಡದೆ ಹೇಳಿದಳು. ಅವನದನ್ನೂ ಮೊದಲು ಬೇರೆ ಥರವೇ ಗೆರೆ ಹಾಕಿದ್ದಳಂತೆ. ಗೋಡೆಯ ಎತ್ತರದ ತೋಳು, ಕೆಳಗೆ ಮಡಚಿದ ಸಣ್ಣ ಕಾಲು. ಬಣ್ಣ ತುಂಬುವ ದಿನ ಹೆದರಿಕೆ ಬಂತು. ಉಳಿದವರದು ಊರಿಗೆ ತಮಾಷೆ ಅನಿಸುತ್ತದೆ, ಅವನದು ಹಂಗಿಸಿದ ಹಾಗೆ ಕಾಣುತ್ತದೆ, ಕುಂಟನನ್ನು ನೋಡಿ ನಗುವಂತೆ ಮಾಡಿದಳು ಎಂದು ನಾಳೆ ಮಂದಿ ಅಂದರೆ ಏನು ಮಾಡುವುದು ಎಂದು ಅಳಿಸಿ, ನೆಟ್ಟಗೆ ನಿಲ್ಲಿಸಿದಳಂತೆ.

"ನಗ್ಲಿ ಬಿಡವ್ವಾ," ಮಾರುತಿ ಹೇಳಿದ. "ಸಾಹೇಬರನ್ನ ನೋಡಿ ನಗ್ತಾರ, ನರಸಿಂಗನ್ನ ನೋಡಿ ನಗ್ತಾರ. ನಗೂದ್ರಾಗೂ ನಾ ಹೊರಗೇನು?"

ಅವಳು ಎದ್ದು ಹೋಗುವಾಗ ಅವನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಹಿರಿಯರಿಗೆ ಮಾಡುವಂತೆಯೇ ಮಾಡಿದಳು.

ಮರುದಿನದಿಂದ ಗೋಡೆಯ ಆ ಮೂಲೆಯಲ್ಲಿ ಮತ್ತೆ ತಾಡಪತ್ರಿ ಇಳಿಯಿತು. ನೀಲಿ ಅಂಗಿಯವನು ಹೋದ. ಅವನ ಜಾಗದಲ್ಲಿ ಬಾಗಿಲಿನಷ್ಟು ಎತ್ತರದ ಎರಡು ತೋಳು ನೆಲಕ್ಕೆ ಊರಿ ಬಂದವು, ಅಂಗೈಯಲ್ಲಿ ಟೈರಿನ ತುಂಡು. ಎದೆ ಗೋಡೆಯ ಮೂಲೆಯನ್ನೇ ತುಂಬಿತು. ಮುಖ ಮೇಲೆ, ಬಾಗಿಲ ಮೇಲ್ಪಟ್ಟಿಯ ಮಟ್ಟದಲ್ಲಿ. ಕೆಳಗೆ, ತೋಳುಗಳ ನಡುವೆ, ಒಂದರ ಮೇಲೊಂದು ಮಡಚಿಟ್ಟ ಕೂಸಿನ ಕಾಲುಗಳು. ಅವುಗಳನ್ನು ಅವಳು ಎಲ್ಲಕ್ಕಿಂತ ಜತನವಾಗಿ ಬರೆದಿದ್ದಳು. ಉಗುರುಗಳೂ ಕಾಣುತ್ತಿದ್ದವು. ಬಣ್ಣ ಒಣಗಿದ ದಿನ ಮಾರುತಿ ಹೋಗಿ ನೋಡಿದ. ಬಹಳ ಹೊತ್ತು ಇದ್ದು ಬಂದ. ಆ ದಿನ ಅವನು ಅಂಗಡಿಯಲ್ಲಿ ಕುಳಿತು ತನ್ನಷ್ಟಕ್ಕೆ ತಾನು ಏನೋ ಗುನುಗುತ್ತಿದ್ದನೆಂದು ಮುನ್ನಿ ಬೀ ಹೇಳುತ್ತಾಳೆ.

ಉಜ್ವಲಾಳಿಗೆ ಕಲಬುರಗಿಯ ಶಾಲೆಯೊಂದರಲ್ಲಿ ಖಾಯಂ ಕೆಲಸ ಸಿಕ್ಕಿತ್ತು. ಆ ವಾರವೇ ಹೊರಟು ಹೋದಳು. ಹೋಗುವ ಮುಂಚೆ ಬಂದು ಚಹಾ ಕುಡಿದಳು. ಬರುತ್ತಿರುತ್ತೇನೆ ಎಂದಳು. ಬರುವುದು ಕಷ್ಟ ಎಂದು ಇಬ್ಬರಿಗೂ ಗೊತ್ತಿತ್ತು.

ಅವಳು ಹೆದರಿದ್ದೇ ಆಯಿತು. ಗೋಡೆಯ ಬುಡದಲ್ಲಿ ನಗೆ ನಿಂತಿತು. ಮಂದಿಗೆ ಸಿಟ್ಟು ಬಂತು, ತಮಗಾಗಿ ಅಲ್ಲ, ಮಾರುತಿಗಾಗಿ. ಪಾಪದವನು, ದೇವರೇ ಹೊಡೆದಿದ್ದಾನೆ, ಅವನನ್ನು ಹೀಗೆ ಬೀದಿಗೆ ಹಾಕಬಾರದಿತ್ತು ಎಂದರು. ಮೊದಲಿದ್ದ ಚಂದದ ಚಿತ್ರವನ್ನು ಅಳಿಸಿ ಹೀಗೆ ಮಾಡಬೇಕಾದರೆ ಅವಳಿಗೆ ಏನೋ ಹಗೆ ಇರಬೇಕು ಎಂದರು. ಮಾರುತಿ ತಾನೇ ಹೇಳಿ ಮಾಡಿಸಿದ್ದು ಎಂದು ಒಬ್ಬಿಬ್ಬರಿಗೆ ತಿಳಿಸಿದ. ಒಳ್ಳೆಯವನು, ಅವಳ ಮಾನ ಕಾಯುತ್ತಿದ್ದಾನೆ ಎಂದುಕೊಂಡರೇ ವಿನಾ ನಂಬಲಿಲ್ಲ.

ಒಂದು ಬೆಳಿಗ್ಗೆ ನರಸಿಂಗ ಸ್ಕೂಟರ್ ದಾಟಿಸಲು ಬಂದಾಗ ಅವನ ಕೈ ಮೊಣಕೈವರೆಗೆ ಬೆಳ್ಳಗಿತ್ತು. ಮುಖದಲ್ಲಿ ಸಮಾಧಾನ ಇತ್ತು.

"ಅಣ್ಣಾ, ಸುಣ್ಣಾ ಹೊಡದು ಬಂದೀನಿ," ಎಂದ. "ಇನ್ನ ನಿನ್ನ ಕಾಲ ಯಾರೂ ನೋಡಂಗಿಲ್ಲ."

ಮಾರುತಿ ಅವನ ಮುಖವನ್ನೇ ನೋಡಿದ. ನರಸಿಂಗ ಎಂದೂ ಇಷ್ಟು ಮಾತು ಒಟ್ಟಿಗೆ ಆಡಿದವನಲ್ಲ. ಆ ದಿನ ಮಾರುತಿ ಅಂಗಡಿ ತೆರೆಯಲಿಲ್ಲ. ನೀರಿನ ಕ್ಯಾನು, ಒಂದು ಗೋಣಿತಾಟು, ಪಾತ್ರೆ ಕೆರೆಯುವ ತಗಡು ಗಾಡಿಯ ಮುಂದಿಟ್ಟುಕೊಂಡು, ನರಸಿಂಗನಿಂದಲೇ ಚರಂಡಿ ದಾಟಿಸಿಕೊಂಡು ಗೋದಾಮಿನ ಕಡೆ ಹೊರಟ.

ಮೂಲೆ ಪೂರ್ತಿ ಬೆಳ್ಳಗಾಗಿತ್ತು. ಉಳಿದ ಗೋಡೆಯಲ್ಲಿ ಎಲ್ಲರೂ ಇದ್ದರು. ಸ್ಕೂಟರಿನಿಂದ ಇಳಿದು, ಕೈಯೂರಿಕೊಂಡು ಗೋಡೆಯ ಬುಡಕ್ಕೆ ಸಾಗಿದ. ಊರ ಮಂದಿಯ ಎದುರು ಅವನು ಹಾಗೆ ನೆಲದ ಮೇಲೆ ಸಾಗಿದ್ದು ಎಷ್ಟೋ ವರ್ಷಗಳ ಮೇಲೆ. ಗೋಣಿಯನ್ನು ನೀರಿಗೆ ಅದ್ದಿ ಒರೆಸಿದ. ಎಣ್ಣೆ ಬಣ್ಣದ ಮೇಲೆ ಸುಣ್ಣ ಇನ್ನೂ ಹಸಿಯಾಗಿತ್ತು. ಹಾಲಿನಂತೆ ಇಳಿಯಿತು. ಮತ್ತೆ ಅದ್ದಿದ, ಮತ್ತೆ ಒರೆಸಿದ. ಒಂದು ಹೆಬ್ಬೆರಳು ಕಂಡಿತು. ಹಿಮ್ಮಡಿ ಕಂಡಿತು.

ಅಂಗಡಿಗಳು ತೆರೆಯುವ ಹೊತ್ತು. ಮಂದಿ ಬಂದು ನಿಂತರು. ನರಸಿಂಗ ಚೀಲ ಇಳಿಸಿ ಬಂದು ನೋಡಿದ. ಯಾಕೆ ಎಂದು ಕೇಳಿದ. ಮಾರುತಿ ತಿರುಗದೆ, ನನ್ನವು ಇವು, ಇರಲಿ ಬಿಡಪ್ಪಾ ಎಂದ. ನರಸಿಂಗನಿಗೆ ಅರ್ಥವಾಗಲಿಲ್ಲ. ತನ್ನ ಉಪಕಾರವನ್ನು ಎಲ್ಲರ ಎದುರು ಗೋಣಿತಾಟಿನಿಂದ ಒರೆಸಿ ಹಾಕಿದಂತೆ ಅವನಿಗೆ ಅನಿಸಿರಬೇಕು. ತಲೆ ತಗ್ಗಿಸಿಕೊಂಡು ಒಳಗೆ ಹೋದ, ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ. ಬಿಸಿಲೇರಿತು. ಕ್ಯಾನಿನ ನೀರು ಮುಗಿಯಿತು. ಮುನ್ನಿ ಬೀ ಒಂದು ಬಕೀಟು ನೀರು ತಂದು ಪಕ್ಕದಲ್ಲಿಟ್ಟು ತನ್ನ ಬಳೆಗಳ ಕಡೆ ಹೋದಳು.

ಮಾರುತಿಯ ಕೈ ಎಷ್ಟು ಎತ್ತರ ಮುಟ್ಟುತ್ತಿತ್ತೋ ಅಷ್ಟು ಚಿತ್ರ ಮಾತ್ರ ಹೊರಗೆ ಬಂತು. ಕಾಲು ಬಂದವು, ಊರಿದ ಅಂಗೈ ಬಂದವು, ತೋಳು ಅರ್ಧ ಬಂದವು. ಎದೆ, ಮುಖ ಮೇಲೆಯೇ ಉಳಿದವು, ಅಷ್ಟರಲ್ಲಿ ಬಿಸಿಲಿಗೆ ಅಲ್ಲಿನ ಸುಣ್ಣ ಒಣಗಿ ಗಟ್ಟಿಯಾಗಿತ್ತು. ಅಬ್ದುಲ್ ಕರೀಂ ಸಾಹೇಬರು ಬಂದು ನಿಂತು ನೋಡಿದರು. ಏಣಿ ಹಾಕಿಸಿ ಮಂದಿಯಿಂದ ಮುಖವನ್ನೂ ಕೆರೆಸುತ್ತೇನೆ, ಇಲ್ಲದಿದ್ದರೆ ಉಜ್ವಲಾಳಿಗೆ ಫೋನು ಮಾಡುತ್ತೇನೆ, ಬಂದು ಸರಿ ಮಾಡಲಿ ಎಂದರು.

"ಬ್ಯಾಡ್ರಿ ಸಾಹೇಬ್ರ," ಮಾರುತಿ ಕೈ ತೊಳೆದುಕೊಳ್ಳುತ್ತ ಹೇಳಿದ. "ನನ್ನ ಮಾರಿ ಎಲ್ಲಾರೂ ನೋಡ್ಯಾರ."

ಅದಾದ ಮೇಲೆ ನರಸಿಂಗ ಕೆಲವು ದಿನ ಬೆಳಿಗ್ಗೆ ಬರಲಿಲ್ಲ. ಮಾರುತಿ ಚರಂಡಿಯ ಮೇಲೆ ಒಂದು ಹಲಗೆ ಹಾಕಿಸಿಕೊಂಡು ತಾನೇ ದಾಟುವುದನ್ನು ಕಲಿತ. ಆಮೇಲೆ ನರಸಿಂಗ ಬಂದ. ಹಲಗೆ ಇದ್ದದ್ದು ನೋಡಿಯೂ ಗಾಡಿಗೆ ಒಂದು ಕೈ ಕೊಟ್ಟು ಹೋದ. ಈಗಲೂ ಬರುತ್ತಾನೆ. ಮೊದಲಿನ ಸಲುಗೆ ಬಂದಿಲ್ಲ. ಗೋಡೆಯ ಬುಡದಲ್ಲಿ ಮಂದಿ ಮತ್ತೆ ಸೇರುತ್ತಾರೆ, ಆ ಮೂಲೆಯನ್ನು ಬಿಟ್ಟು ಈ ಕಡೆ ನಿಲ್ಲುತ್ತಾರೆ. ಉಜ್ವಲಾ ಫೋನು ಮಾಡಿದ್ದಳು. ಮಾರುತಿ ಎಲ್ಲ ಚೆನ್ನಾಗಿದೆ ಎಂದ.

ಈ ಬೇಸಿಗೆಯಲ್ಲಿ ಮೋರಖಂಡಿಯಿಂದ ಒಬ್ಬ ಹೆಂಗಸು ಕುಕ್ಕರು ಹಿಡಿದು ಬಂದಳು. ಐವತ್ತರ ಆಸುಪಾಸು, ಹೊಲದಲ್ಲಿ ಬೆಂದ ಮೈ. ತಗಡಿನ ನೆರಳಿಗೆ ಬಂದವಳು ಕುಕ್ಕರು ಕೊಡಲಿಲ್ಲ. ಅವನ ತೋಳು ನೋಡಿದಳು, ಲುಂಗಿಯಿಂದ ಹೊರಗಿದ್ದ ಪಾದಗಳನ್ನು ನೋಡಿದಳು. ಕಣ್ಣು ತೆಗೆಯಲಿಲ್ಲ. ಆ ಗೋಡೆಯ ಮೇಲೆ ಇರುವವನು ನೀನೇ ಏನಪ್ಪಾ ಎಂದು ಕೇಳಿದಳು. ಅವನು ಹೌದೆಂದ. ಅವಳು ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತಳು.

"ನೋಯ್ತಾವೇನಪಾ?"

ಈ ಊರಿಗೆ ಬಂದ ಮೇಲೆ ಇದನ್ನು ಯಾರೂ ಕೇಳಿರಲಿಲ್ಲ.

"ಚಳಿಗಾಲದಾಗ ನೋಯ್ತಾವ್ರಿ," ಎಂದ. "ಹಗಲು ಏನೂ ಅನಸಂಗಿಲ್ಲ. ಬೆಳಗಾ ಮುಂಜಾನಿ ಭಾಳ ಜಗ್ತಾವ."

ಅವಳು ತನ್ನ ಮೊಣಕಾಲಿಗೂ ಹಾಗೇ ಆಗುತ್ತದೆಂದು ಹೇಳಿದಳು. ಕಳೆ ಕೀಳುವ ದಿನಗಳಲ್ಲಿ ಎದ್ದು ನಿಲ್ಲಲು ಆಗುವುದಿಲ್ಲವಂತೆ. ಅವನು ಕುಕ್ಕರಿನ ವಾಲ್ವು ಬದಲಿಸುವವರೆಗೆ ಇಬ್ಬರೂ ನೋವಿನ ಮಾತನ್ನೇ ಆಡಿದರು, ಯಾವ ಎಣ್ಣೆ ಒಳ್ಳೆಯದು, ಬಿಸಿ ಮಾಡಬೇಕೋ ತಣ್ಣಗೆ ಹಚ್ಚಬೇಕೋ ಎಂದು. ಕೆಲಸ ಮುಗಿದ ಮೇಲೂ ಅವಳು ತುಸು ಹೊತ್ತು ಕುಳಿತಿದ್ದಳು. ಆಮೇಲೆ ಬಸ್ಸಿನ ಹೊತ್ತಾಯಿತೆಂದು ಕುಕ್ಕರನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ಮಾರುತಿ ಅವಳ ಹೆಸರು ಕೇಳಬೇಕೆಂದುಕೊಳ್ಳುವಷ್ಟರಲ್ಲಿ ಅವಳು ಹಲಗೆ ದಾಟಿ ರಸ್ತೆಗೆ ಹೋಗಿದ್ದಳು. ಅವನು ಲುಂಗಿ ಸರಿಮಾಡಿಕೊಳ್ಳದೆ, ಅವಳು ಹೋದ ದಿಕ್ಕನ್ನು ನೋಡುತ್ತ ಕುಳಿತ. ಬಿಸಿಲು ತಗಡಿನ ಕೆಳಗೆ ನುಗ್ಗಿ ಅವನ ಪಾದಗಳ ಮೇಲೆ ಬಿದ್ದಿತ್ತು.